ಕಿವಿಯ ಹಿಂದಿನ ಕಾಳು

ಗೊಲ್ಲರಹಟ್ಟಿ, ಪಟ್ಟನಾಯಕನಹಳ್ಳಿ ಅಂಚೆ,
ಶಿರಾ ತಾಲ್ಲೂಕು
೧೨-೨-೧೯೮೮

ಪ್ರೀತಿಯ ತಮ್ಮ ಕ್ಯಾತಣ್ಣನಿಗೆ ನಿನ್ನ ಅಕ್ಕ ಕರಿಯಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಕೆಮ್ಮು ಹೋಯಿತೇ? ಬೆಂಗಳೂರಿನ ಹೋಟೆಲ್ ಊಟ ನಿನ್ನ ಹೊಟ್ಟೆಗೆ ಆಗಿಬರುವುದಿಲ್ಲವೆಂದೇ ರಾಗಿ ಹಿಟ್ಟು ಕಳಿಸಿದ್ದೆ. ಮುದ್ದೆ ತಿರುವಿಕೊಂಡು ತಿನ್ನುತ್ತೀಯೋ, ಇಲ್ಲ ಹುಳ ಬೀಳಲಿ ಅಂತ ಮೂಲೆಗೆ ತಳ್ಳಿದ್ದೀಯೋ? ಹಿಂದೆ ಬರೆದ ಕಾಗದಕ್ಕೆ ಉತ್ತರವೇ ಇಲ್ಲ. ಪ್ರಯೋಗಾಲಯದಲ್ಲಿ ಕೂತು ಕುರಿಗಳಿಗೆಲ್ಲ ನಂಬರ್ ಕೊಡುವವನಿಗೆ ಒಡಹುಟ್ಟಿದವಳ ವಿಳಾಸ ಮರೆತಿರಬೇಕು. ಬೈದಳು ಅಂತ ಮುಖ ಊದಿಸಿಕೊಳ್ಳಬೇಡ. ಬೈಯುವುದಕ್ಕಾದರೂ ನನಗೆ ಇನ್ಯಾರಿದ್ದಾರೆ?

ನಿಮ್ಮ ಭಾವನ ಗಂಟಲಿನ ಗಾಯ ಒಣಗಿದೆ. ಆಪರೇಷನ್ ಆದ ದಿನ ಡಾಕ್ಟರು, "ಜೀವ ಉಳೀತಮ್ಮ, ಸ್ವರ ಮಾತ್ರ ಇನ್ನು ಬರೋದಿಲ್ಲ" ಅಂದಿದ್ದನ್ನು ನೀನೂ ಕೇಳಿಸಿಕೊಂಡಿದ್ದೆ. ಜೀವ ಉಳಿದರೆ ಸಾಕು, ನನ್ನ ಗಂಡ ಮಾತಾಡದಿದ್ದರೆ ನನಗೇ ಆರಾಮ ಅಂತ ಆವತ್ತು ನಕ್ಕಿದ್ದೆ ನೋಡು. ಕುರಿ ಕಾಯುವವನಿಗೆ ಸ್ವರ ಹೋದರೆ ಏನಾಗುತ್ತದೆಂದು ಈಗ ಅರ್ಥವಾಗುತ್ತಿದೆ, ಕ್ಯಾತ. ಉಸಿರಾಡಲೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ ತೂತಿನ ಮೇಲೆ ಟವೆಲ್ ಹೊದ್ದುಕೊಂಡು ಜಗಲಿಯ ಮೇಲೆ ಕೂರುತ್ತಾರೆ, ತಟ್ಟೆ ಮುಂದಿಟ್ಟರೂ ಮುಟ್ಟುವುದಿಲ್ಲ.

ಆಗಿದ್ದು ಇಷ್ಟು. ಸಂಕ್ರಾಂತಿ ಕಳೆದ ಮೇಲೆ ಮೇವಿಗೆಂದು ಪಾವಗಡದ ಕಡೆ ಮಂದೆ ಹೊಡೆದುಕೊಂಡು ಹೋಗಿದ್ದರು. ಅವರ ದಾಯಾದಿ ಸಿರಿಯಣ್ಣನ ಮಂದೆಯೂ ಅಲ್ಲೇ ಇತ್ತು. ಕೆರೆಯಂಗಳದಲ್ಲಿ ನಾಯಿಗಳು ನುಗ್ಗಿ ಎರಡೂ ಬೆರೆತುಹೋದವು. ಇಬ್ಬರದೂ ಒಬ್ಬನೇ ತಾತನ ಮನೆ, ಹಾಗಾಗಿ ಕುರಿಯ ಕಿವಿಗುರುತೂ ಒಂದೇ. ಬಲಗಿವಿ ಸೀಳು, ಎಡಗಿವಿ ಕಚ್ಚು. ಹಿಂದೆ ಎಷ್ಟು ಸಲ ಬೆರೆತಿಲ್ಲ? ಇವರು ದಿಬ್ಬ ಹತ್ತಿ ಒಂದು ಕೂಗು ಹಾಕಿದರೆ ಸಾಕು, ನಮ್ಮವು ಮಾತ್ರ ಬೇರೆಯಾಗಿ ಓಡಿಬರುತ್ತಿದ್ದವು. ಈ ಸಲ ಕೂಗಿದವನು ಸಿರಿಯಣ್ಣ ಒಬ್ಬನೇ. ಇವರು ಬಾಯಿ ತೆರೆದರು, ಕತ್ತಿನ ತೂತಿನಿಂದ ಗಾಳಿ ಬಂತು. ನಮ್ಮ ಕುರಿಗಳು ಅತ್ತಿತ್ತ ನೋಡಿ ಅವನ ಹಿಂದೆಯೇ ಹೋದವು. ಒಂದಷ್ಟು ಮುದಿ ಕುರಿ, ಕುಂಟು ಕುರಿ ಮಾತ್ರ ಇವರ ಜೊತೆ ಮನೆಗೆ ಬಂದವು.

ಕೇಳಲು ಹೋದರೆ ಆ ಮನೆಹಾಳ ಏನಂದ ಗೊತ್ತೇ? "ನನ್ ಕೂಗಿಗೆ ಬಂದವು ನನ್ನವು ಕಣಮ್ಮ. ಇಲ್ಲ ಅನ್ನಂಗಿದ್ರೆ ನಿನ್ ಗಂಡ ಗುಡಿ ಮುಂದೆ ಬಾಯ್ಬುಟ್ಟು ಆಣೆ ಮಾಡ್ಲಿ." ಹಟ್ಟಿಯ ಯಜಮಾನ ಕಾಟಯ್ಯಜ್ಜ ಕೆಟ್ಟವರಲ್ಲ, ಆದರೂ ಕಟ್ಟಳೆ ಬಿಡುವುದಿಲ್ಲ. ಆಣೆ ಅಂದಮೇಲೆ ಹತ್ತು ಜನಕ್ಕೆ ಕೇಳಿಸಬೇಕಂತೆ, ಗಂಡನ ಆಣೆಯನ್ನು ಹೆಂಡತಿ ಮಾಡುವ ಹಾಗಿಲ್ಲವಂತೆ. ದೇವರಿಗೂ ಕಿವಿ ಮಂದವೇನೋ! ತಪ್ಪಾಯಿತು, ಸ್ವಾಮಿ, ಹೊಟ್ಟೆ ಉರಿದು ಬರೆದುಬಿಟ್ಟೆ.

ಆಗ ನನಗೆ ನೆನಪಾಗಿದ್ದು ನಿನ್ನ ಕಾಳು. ಹೋದ ದೀಪಾವಳಿಗೆ ಬಂದಾಗ, ಪರದೇಶದಿಂದ ಬಂದಿವೆ, ಪರೀಕ್ಷೆ ಮಾಡಬೇಕು ಅಂತ ನಮ್ಮ ಕೆಲವು ಕುರಿಗಳ ಎಡಗಿವಿಯ ಹಿಂದೆ ದಪ್ಪ ಸೂಜಿಯಲ್ಲಿ ಅಕ್ಕಿಕಾಳಿನಂಥ ಗಾಜಿನ ಕೊಳವೆ ಚುಚ್ಚಿದ್ದೆಯಲ್ಲ. ಅದಕ್ಕೆ ಸೆಲ್ಲು ಎಲ್ಲಿ ಹಾಕುತ್ತೀಯ ಅಂತ ಕೇಳಿದ್ದಕ್ಕೆ, "ಸೆಲ್ಲೇ ಬ್ಯಾಡ ಅಕ್ಕಯ್ಯ. ನನ್ ಕೈಲಿರೋ ಈ ಪೆಟ್ಟಿಗೆ ರೇಡಿಯೋ ಅಲೆ ಬುಡ್ತದೆ, ಕಾಳೊಳಗಿನ ತಂತಿ ಸುರುಳಿ ಆ ಅಲೆಯಿಂದ್ಲೇ ಸಕ್ತಿ ತಗಂಡು ಎಚ್ಚರಾಗಿ ತನ್ ನಂಬರ್ ಹೇಳ್ತದೆ. ಪೆಟ್ಟಿಗೆ ದೂರ ಹೋದ್ರೆ ಮತ್ತೆ ಸುಮ್ಕಾಗ್ತದೆ" ಅಂದಿದ್ದೆ. ಗೇಣು ದೂರದಲ್ಲಿ ಪೆಟ್ಟಿಗೆ ಹಿಡಿದಾಗ ಕೆಂಪು ಅಂಕಿ ಹೊತ್ತಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ರೇಡಿಯೋ ಅಲೆ ತಾನೇ ಅಂದುಕೊಂಡು ಮನೆಯ ಟ್ರಾನ್ಸಿಸ್ಟರ್ ಎತ್ತಿಕೊಂಡು ಸಿರಿಯಣ್ಣನ ದೊಡ್ಡಿಗೆ ನುಗ್ಗಿದೆ. ಹಟ್ಟಿಯವರೆಲ್ಲ ನೋಡುತ್ತಿರುವಾಗ ಒಂದೊಂದು ಕುರಿಯ ಕಿವಿಗೂ ಹಿಡಿದೆ. ಕಡಲೆಕಾಯಿ ಧಾರಣೆ ಬಂತು, ಆಮೇಲೆ ಯಾರೋ ಭಜನೆ ಹಾಡಿದರು. ಜನ ಬಿದ್ದು ಬಿದ್ದು ನಕ್ಕರು. ನಗುವವರ ಮಧ್ಯೆ ಇವರು ಬಂದು ನನ್ನ ಕೈಯಿಂದ ಟ್ರಾನ್ಸಿಸ್ಟರ್ ತೆಗೆದುಕೊಂಡು, ಆರಿಸಿ, ನನ್ನನ್ನು ಮನೆಗೆ ಕರೆತಂದರು. ಆವತ್ತಿನಿಂದ ನನ್ನ ಮುಖವನ್ನೂ ಸರಿಯಾಗಿ ನೋಡುತ್ತಿಲ್ಲ.

ಕಾಟಯ್ಯಜ್ಜ ಒಂದು ಅವಕಾಶ ಕೊಟ್ಟಿದ್ದಾರೆ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಹಟ್ಟಿ ಸೇರುತ್ತದೆ, ಅಷ್ಟರಲ್ಲಿ ನಿನ್ನ ಪೆಟ್ಟಿಗೆ ಬಂದು ಸಾಕ್ಷಿ ಹೇಳಬೇಕು. ಇಲ್ಲದಿದ್ದರೆ ಕುರಿ ಅವನದೇ. ಪೆಟ್ಟಿಗೆ ಬರೀ ನಂಬರ್ ಹೇಳುತ್ತದೆ, ಯಾರ ಕುರಿ ಅಂತ ಹೇಳುವುದಿಲ್ಲ, ಅದನ್ನು ನೀನೇ ಹೇಳಬೇಕು ಅಂತ ನನಗೆ ಗೊತ್ತು. ಹೆಂಡತಿಯ ತಮ್ಮನ ಮಾತು ಅಂತ ಸಿರಿಯಣ್ಣ ತೆಗೆದುಹಾಕಿಯಾನು, ಆದ್ದರಿಂದ ನಿಮ್ಮ ಸಾಹೇಬರ ಕಾಲು ಹಿಡಿದಾದರೂ ಜೊತೆಗೆ ಕರೆದುಕೊಂಡು ಬಾ. ಕುರಿ ಬಿಟ್ಟರೆ ನಮಗೆ ಬೇರೆ ಬದುಕಿಲ್ಲ, ಕ್ಯಾತ. ರಜೆ ಇಲ್ಲ, ಪೆಟ್ಟಿಗೆ ಹೊರಗೆ ಕೊಡುವುದಿಲ್ಲ ಅಂತ ಮಾತ್ರ ಬರೆಯಬೇಡ. ನಿನ್ನ ದಮ್ಮಯ್ಯ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ,
ಕರಿಯಕ್ಕ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಇವರು ಯಾರಿಗೂ ತಿಳಿಸದೆ, ಕುರಿ ಕೆಲವಾದರೂ ಆ ಕೆರೆಯ ಕಡೆಯೇ ತಪ್ಪಿಸಿಕೊಂಡಿರಬಹುದೆಂದು ಹುಡುಕಿಕೊಂಡು ಹೋಗಿದ್ದರು. ಪಾವಗಡದಾಚೆ ಯಾವುದೋ ಹಳ್ಳಿಯಲ್ಲಿ ಕುರಿಗಳ್ಳ ಅಂತ ಹಿಡಿದು ಕಂಬಕ್ಕೆ ಕಟ್ಟಿ, "ಎವರ್ರಾ ನುವ್ವು", ಯಾರೋ ನೀನು ಅಂತ ತೆಲುಗಿನಲ್ಲಿ ಕೇಳಿ ಕೇಳಿ ಹೊಡೆದಿದ್ದಾರೆ. ಹೆಸರು ಹೇಳಲು ಸ್ವರವಿಲ್ಲ, ಬರೆಯಲು ಅಕ್ಷರವಿಲ್ಲ. ಉಣ್ಣೆ ವ್ಯಾಪಾರದ ವೆಂಕಟರಾಮಯ್ಯ ಆ ದಾರಿಯಲ್ಲಿ ಬಂದು ಗುರುತು ಹಿಡಿದಿದ್ದಕ್ಕೆ ಜೀವಂತವಾಗಿ ಬಂದರು. ಇವತ್ತು ಮತ್ತೆ ಕೋಲು ಹಿಡಿದು ಎದ್ದಿದ್ದಾರೆ, ಬಾಗಿಲಿಗೆ ಅಡ್ಡ ಕೂತು ಬರೆಯುತ್ತಿದ್ದೇನೆ. ಆ ಕಾಳನ್ನು ಮನುಷ್ಯರಿಗೂ ಚುಚ್ಚಬಹುದೇನೋ ತಮ್ಮ? ಪಾವಗಡದಲ್ಲಿ ಯಾರ ಹತ್ತಿರವೂ ಪೆಟ್ಟಿಗೆ ಇರುವುದಿಲ್ಲ ಅಂತ ನನಗೂ ಗೊತ್ತು, ಆದರೂ ಕೇಳುತ್ತಿದ್ದೇನೆ. ಕುರಿ ಹೋದರೆ ಹೋಗಲಿ. ನಿಮ್ಮ ಭಾವನಿಗೆ ಅಂತ ಒಂದು ಕಾಳು ಇಟ್ಟುಕೊಂಡು ಬೇಗ ಬಾ.