ನೀನು ಕೇಳಿದ ಏಳು ಹೆಸರು

ಭಾಷಾ ಸಲಹೆಗಾರ ಶುಮ್ಕಾರ್ ಸಾಹೇಬರಿಗೆ, ಕೊಕ್-ಜಾರಿನಿಂದ ಜಿಪಾರ್ ಬರೆಯುವುದು.

ಸಾಹೇಬರು ಎಂದು ಕರೆದದ್ದು ಇಲ್ಲಿಗೆ ಮುಗಿಯಿತು. ಹತ್ತು ವರ್ಷ ನಮ್ಮ ಮನೆಯ ರೊಟ್ಟಿ ತಿಂದು ಬೆಳೆದವನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನಿಂದ ಹುಟ್ಟುವುದಿಲ್ಲ.

ನಿನ್ನ ಪತ್ರ ಬಂತು. ಮಗಳು ಐದಾನಾಗೆ ತಲಾಸ್ ಕಡೆಯ ಸಂಬಂಧ ಕೂಡಿಬಂದಿದೆಯಂತೆ, ನಿಶ್ಚಯಕ್ಕೆಂದು ಕಿವಿಗೆ ಓಲೆ ಹಾಕಲು ಬೀಗರು ಬರುತ್ತಾರಂತೆ, ಏಳು ತಲೆಮಾರಿನೊಳಗೆ ರಕ್ತ ಕೂಡುತ್ತದೋ ಇಲ್ಲವೋ ನೋಡಬೇಕು, ಹೆಣ್ಣಿನ ಕಡೆಯ ಏಳು ಹಿರಿಯರ ಹೆಸರು ಕೊಡಿ ಎನ್ನುತ್ತಿದ್ದಾರಂತೆ. "ನನ್ನ ತಂದೆ ಕಡೆಯೋರು ಯಾರು ಅಂತ ಹುಡುಕಿ ಕೊಡ್ತೀನಿ ಅಂತ ಜೋಲ್ದೋಶ್ ದೊಡ್ಡಪ್ಪ ಮಾತು ಕೊಟ್ಟಿದ್ರು. ಅವರ ಪೆಟ್ಟಿಗೇಲಿ ಏನಾದ್ರೂ ಇದ್ರೆ ಕಳಿಸು. ಹಳೇದನ್ನೆಲ್ಲ ಮರೆತುಬಿಡು" ಎಂದು ಬರೆದಿದ್ದೀಯ. ಮರೆತುಬಿಡಬೇಕಂತೆ! ಎಲ್ಲಿಂದ ಬಂತಪ್ಪಾ ನಿನಗೆ ಈ ಧೈರ್ಯ?

ಹೆಸರುಗಳು ನನ್ನ ಹತ್ತಿರ ಇವೆ. ಏಳೂ ಇವೆ, ನನ್ನ ಅಪ್ಪ ಜೋಲ್ದೋಶನ ಕೈಬರಹದಲ್ಲಿ. ಕೊಡುತ್ತೇನೆ. ಆದರೆ ಕೊನೆಯ ಸಾಲಿಗೆ ಹಾರಿ ನೋಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಪೂರ್ತಿ ಓದು.

ನಿನ್ನ ಅಮ್ಮ ಕಾಲ್ಬು ಶಾಲೆಯ ಅಡುಗೆಮನೆಯಲ್ಲಿ ಬೇಯಿಸುತ್ತಿದ್ದಳು. ಅವಳಿಗೆ ಗಂಡನಿರಲಿಲ್ಲ, ನಿನಗೆ ತಂದೆಯ ಹೆಸರಿರಲಿಲ್ಲ. ಶಾಲೆ ಬಿಟ್ಟರೆ ನೀನು ನೇರ ನಮ್ಮ ಮನೆಗೆ ಬರುತ್ತಿದ್ದೆ. ಘಾಟಿಯಲ್ಲಿ ಲಾರಿ ಉರುಳಿ ತೀರಿಕೊಂಡ ನಮ್ಮ ಚಿಕ್ಕಪ್ಪನ ಪಟ ಗೋಡೆಯ ಮೇಲಿತ್ತಲ್ಲ, ಅದರ ಕೆಳಗೇ ಅಪ್ಪ ನಿನಗೆ ಜಾಗ ಹಾಕಿಸುತ್ತಿದ್ದ. ಚಹಾ ಹೊತ್ತಿಗೆ ನನ್ನ ತಮ್ಮ ಕುಬಾತನನ್ನು ಎಬ್ಬಿಸಿ ನಿಲ್ಲಿಸಿ "ಹೇಳೋ ನಿನ್ನ ಏಳು ತಲೇನ" ಎನ್ನುತ್ತಿದ್ದ. ಕುಬಾತ್ ಪ್ರತಿಸಲವೂ ನಾಲ್ಕನೆಯ ಹೆಸರಲ್ಲಿ, ಮೊಲ್ತೋಯ್ ಹತ್ತಿರ, ಎಡವುತ್ತಿದ್ದ. ನೀನು ಕೂತಲ್ಲಿಂದಲೇ ಪಟಪಟನೆ ಹೇಳಿ ಮುಗಿಸುತ್ತಿದ್ದೆ. ಅಮ್ಮ ಗದರುತ್ತಿದ್ದಳು: "ಅದು ನಿಂದಲ್ಲ ಕಣೋ ಶುಮ್ಕಾರ್, ಬೇರೆಯೋರ ಹಿರೀಕರನ್ನ ಹಾಗೆಲ್ಲ ಕರೀಬಾರದು." ಅಪ್ಪ ಚಹಾ ಬಟ್ಟಲ ಮೇಲಿಂದ ನಿನ್ನನ್ನೇ ನೋಡುತ್ತ ಹೇಳುತ್ತಿದ್ದ: "ಹೇಳ್ಲಿ ಬಿಡೇ. ಹೇಳಿದ್ರೆ ನಾಲಿಗೆ ಸವೆಯುತ್ತಾ?"

ಆಮೇಲೆ ನಾವು ದೊಡ್ಡವರಾದೆವು. ಇಪ್ಪತ್ತೆರಡು ವರ್ಷದ ಹಿಂದೆ ನಿನ್ನ ಸೋದರಮಾವ ನನ್ನನ್ನು ನಿನಗೆ ಕೇಳಲು ಬಂದ. ನನಗೆ ಮನಸ್ಸಿತ್ತು, ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು? ಅಪ್ಪ "ಇದು ಆಗೋದಲ್ಲ" ಎಂದ. ಯಾಕೆ ಎಂದು ಕೇಳಿದರೆ ಬಾಯಿಗೆ ಬೀಗ. ನೀನು ಹೊರಗೆ ಕುದುರೆ ಕಟ್ಟುವ ಕಂಬದ ಹತ್ತಿರ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ: "ಏಳು ತಲೆ ಗೊತ್ತಿಲ್ದೋನು ಜೀತದಾಳು ಅಂತ ತಾನೇ? ನಿಮ್ಮ ಏಳು ತಲೇನ ನೀವೇ ಇಟ್ಕೊಂಡು ಪೂಜೆ ಮಾಡ್ಕೊಳ್ಳಿ!" ನಾನು ನಿನ್ನ ಕಡೆಯೇ ಇದ್ದೆ. ಮೂರು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟೆ, ಅವನ ಬಟ್ಟಲಿಗೆ ಚಹಾ ಕೂಡ ಸುರಿಯಲಿಲ್ಲ.

ಮೂರು ವರ್ಷದ ಹಿಂದೆ ಕುಬಾತನ ಮಗಳು ನುರ್ಪೆರಿ ಕೊಟ್ಟಿಗೆಗೆ ಓಡಿಬಂದಳು. "ಅತ್ತೆ, ಬೇಗ ಬಾ! ಕಂಪ್ಯೂಟರ್ ಆಟದಲ್ಲಿ ಜನ ನಮ್ಮ ಹಾಗೇ ಮಾತಾಡ್ತಿದಾರೆ. ಥೇಟ್ ಕೊಕ್-ಜಾರಿನೋರ ಹಾಗೆ!" ಕುರಿಗಳಿಗೆ ಸೂಜಿ ಹಾಕುತ್ತಿದ್ದವಳು ಕೈ ಕೂಡ ತೊಳೆಯದೆ ಹೋದೆ. ಮನೆ ತುಂಬ ಜನ. ಅಲ್ಲಿಯವರೆಗೆ ನಮ್ಮ ಬೆಟ್ಟಗಳನ್ನು ತೋರಿಸುವ ಆಟಗಳಲ್ಲಿ ನಮ್ಮವರು ಯಾವುದೋ ಮರಳುಗಾಡಿನ ಭಾಷೆಯಲ್ಲಿ ಕಿರುಚಿ ಸಾಯುತ್ತಿದ್ದರು. ಸಾಯುವವರು ನಾವಲ್ಲ ಎಂದುಕೊಂಡು ನಗಬಹುದಿತ್ತು. ಇದರಲ್ಲಿ ಹಾಗಲ್ಲ. ಹೆಂಗಸೊಬ್ಬಳು ಹಾಲು ಕೊಡದ ಆಕಳನ್ನು ಬೈಯುತ್ತಿದ್ದಳು, ಮುದುಕಿ ಉಮ್ಸುನ್ ಬಿದ್ದು ಬಿದ್ದು ನಕ್ಕಳು: "ಅಯ್ಯೋ ನಮ್ಮತ್ತೆ ಎದ್ದು ಬಂದಳಲ್ಲೇ!" ಭಾಷಾ ಸಲಹೆಗಾರ ಎಂದು ನಿನ್ನ ಹೆಸರು ಬಂದಾಗ ಜನ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ. ನಾನೂ ತಟ್ಟಿದೆ, ನನ್ನ ಕೈಗೆ ಬೆಂಕಿ ಬೀಳ.

ಕಥೆ ಏನು ಎಂದು ನಿನಗೆ ಹೇಳಬೇಕೇ? ಹೆಸರಿಲ್ಲದ ಬೆಟ್ಟದ ದೇಶ, ಅಲ್ಲೊಂದು ಚಿನ್ನದ ಗಣಿ, ಅದನ್ನು ಕಾಪಾಡಲು ಹೆಲಿಕಾಪ್ಟರಿನಲ್ಲಿ ಇಳಿದ ಪರದೇಶದ ಸಿಪಾಯಿಗಳು. ಡಕಾಯಿತರು ನಾವು. ಆಕಳನ್ನು ಬೈದ ಹೆಂಗಸು ಕೂಡ ಸೆರಗಿನಡಿ ಬಂದೂಕು ಇಟ್ಟುಕೊಂಡಿದ್ದಳು. ಕೊನೆಗೆ ಕುದುರೆ ಲಾಯದಲ್ಲಿ ಒಬ್ಬನೇ ಉಳಿಯುತ್ತಾನೆ. ಬಂದೂಕು ಬಿಸಾಡಿ ಎರಡೂ ಕೈ ಎತ್ತಿ ಹೇಳುತ್ತಾನೆ: "ನಾನು ಜೋಲ್ದೋಶನ ಮಗ. ಜೋಲ್ದೋಶ್ ಬೈಶೆಯ ಮಗ. ಬೈಶೆ ಕಚಿಕೆಯ ಮಗ." ಅಲ್ಲಿಂದ ಮೊಲ್ತೋಯ್, ಸಾತಿಕೆ, ಎಸೆನ್, ತಿನಾಯ್. ಏಳೂ. ನುರ್ಪೆರಿಯ ಕೈ ನಿಂತುಹೋಯಿತು. "ತಾತಾ, ಇವನನ್ನ ಹೊಡೀದೆ ಆಟದ ಮುಂದಿನ ಬಾಗಿಲು ತೆರೆಯಲ್ಲ" ಎಂದಳು, ಅಳುವ ದನಿಯಲ್ಲಿ. ಉಂಡ ಮನೆಯ ಜಂತೆ ಎಣಿಸುವವರನ್ನು ನಾನು ನೋಡಿದ್ದೆ ಶುಮ್ಕಾರ್, ನೀನು ಜಂತೆಯನ್ನೇ ಕಿತ್ತು ಮಾರಿದೆ.

ಅಪ್ಪ ಒಂದೇ ಮಾತು ಆಡಿದ: "ಒಂದೂ ತಪ್ಪಿಲ್ದೆ ಹೇಳ್ಸಿದಾನೆ ನೋಡು. ಮೊಲ್ತೋಯ್ ಹತ್ರಾನೂ ಎಡವಿಲ್ಲ." ನಾನು "ನಿಂಗೆ ಅರಳು ಮರುಳಾ ಅಪ್ಪಾ?" ಎಂದು ಎಲ್ಲರ ಎದುರಿಗೇ ಕೂಗಾಡಿದೆ.

ಆ ಚಳಿಗಾಲ ನಮ್ಮ ಬೀದಿಯ ಮಕ್ಕಳೆಲ್ಲ ಆ ಏಳು ಹೆಸರು ಕೂಗುತ್ತ ಹಿಮದಲ್ಲಿ ಸತ್ತು ಬೀಳುವ ಆಟ ಆಡಿದವು. ವಸಂತದಲ್ಲಿ ಪಕ್ಕದೂರಿನ ಮದುವೆಗೆ ಅಪ್ಪನನ್ನು ಕರೆದರು. ಎರಡೂ ಕಡೆಯ ವಂಶ ಹೇಳುವುದು ನಲವತ್ತು ವರ್ಷದಿಂದ ಅವನ ಕೆಲಸ, ಮೊದಲು ತನ್ನ ಏಳು ತಲೆ ಹೇಳಿ ಶುರುಮಾಡುವುದು ಪದ್ಧತಿ. ಎದ್ದು ನಿಂತು "ನಾನು ಬೈಶೆಯ ಮಗ ಜೋಲ್ದೋಶ್" ಎಂದನಷ್ಟೇ. ಆ ತುದಿಯಿಂದ ಯಾವನೋ ಬಾಯಲ್ಲಿ "ಢಂ" ಎಂದ. ಇಡೀ ಚಪ್ಪರ ನಕ್ಕಿತು. ಮದುಮಗಳೂ ತುಟಿ ಕಚ್ಚಿಕೊಂಡಳು. ಅಪ್ಪ ಮೆಲ್ಲಗೆ ಕೂತ, ಮತ್ತೆ ಯಾವ ಮದುವೆಯಲ್ಲೂ ಏಳಲಿಲ್ಲ. ಮುಂದಿನ ವರ್ಷ ಹೋದ. ಅವನನ್ನು ನೀನು ಕೊಂದೆ ಎನ್ನುವುದಿಲ್ಲ, ಎಂಬತ್ತೆರಡಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಆದರೆ ಬದುಕಿದ್ದಾಗಲೇ ಅವನ ಬಾಯಿ ಮುಚ್ಚಿಸಿದವನು ನೀನು.

ನಿನ್ನ ಕಂಪನಿಗೂ ಬರೆದೆ, ಗೊತ್ತಾ? ನುರ್ಪೆರಿ ಅವರ ಭಾಷೆಯಲ್ಲಿ ಬರೆದುಕೊಟ್ಟಳು. ಬಹಳ ವಿನಯದ ಉತ್ತರ ಬಂತು. ನಿಮ್ಮ ಭಾಷೆಯ ನೈಜತೆಯನ್ನು ನಾವು ಗೌರವಿಸುತ್ತೇವೆ, ಅವು ಯಾರಿಗೂ ಸೇರದ ಹೆಸರುಗಳೆಂದು ನಮ್ಮ ಸಲಹೆಗಾರರು ಖಚಿತಪಡಿಸಿದ್ದಾರೆ, ಅಂತ. ಯಾರಿಗೂ ಸೇರದ ಹೆಸರುಗಳು! ಒಂದೊಂದು ಉಚ್ಚಾರವನ್ನೂ ತಿದ್ದಿ ತೀಡಿದವನು ಈ ಸುಳ್ಳನ್ನು ಮಾತ್ರ ತಿದ್ದಲಿಲ್ಲ.

ಈಗ ಕೇಳು. ಸಾಯುವ ವಾರ ಅಪ್ಪ ನನ್ನನ್ನು ಕರೆದು ಪೆಟ್ಟಿಗೆ ತೆಗೆಸಿದ. "ಕಾಲ್ಬುಗೆ ರೊಟ್ಟಿ ಮುಟ್ಟಿ ಆಣೆ ಮಾಡಿದೀನಿ ಜಿಪಾರ್. ಅವಳು ಇರೋವರೆಗೂ ಬಾಯಿ ಬಿಡಬೇಡ. ಆಮೇಲೆ ಹುಡುಗ ಕೇಳಿದ್ರೆ ಇದನ್ನ ಕೊಡು. ಸಿಟ್ಟಲ್ಲಿ ಮಾತ್ರ ಕೊಡಬೇಡ ಮಗಳೇ." ಕಳೆದ ಚಳಿಗಾಲ ಕಾಲ್ಬು ಹೋದಳು, ಆಣೆ ತೀರಿತು. ಸಿಟ್ಟಲ್ಲಿ ಕೊಡಬೇಡ ಎಂದ ಆ ಒಂದು ಮಾತನ್ನು ನಾನು ಬೇಕೆಂದೇ ಮೀರುತ್ತಿದ್ದೇನೆ.

ನಿನ್ನ ಏಳರಲ್ಲಿ ಮೊದಲನೆಯ ಹೆಸರು ಟೊಕ್ತೊರ್. ಲಾರಿ ಓಡಿಸುತ್ತಿದ್ದವನು, ನೀನು ಹುಟ್ಟುವ ಎರಡು ತಿಂಗಳ ಮೊದಲು ಘಾಟಿಯಲ್ಲಿ ಸತ್ತವನು. ಹೌದು, ನೀನು ಹತ್ತು ವರ್ಷ ಯಾರ ಪಟದ ಕೆಳಗೆ ಕೂತು ರೊಟ್ಟಿ ತಿಂದೆಯೋ ಅವನೇ, ನನ್ನ ಅಪ್ಪನ ಸ್ವಂತ ತಮ್ಮ. ಅವನಿಗೆ ಹೆಂಡತಿ ಇದ್ದಳು, ಮೂರು ಮನೆಯಾಚೆ. ಅವಳ ಕಣ್ಣೆದುರು ಬದುಕಬೇಕಾದ ಕಾಲ್ಬು ಅಪ್ಪನಿಂದ ಆಣೆ ಹಾಕಿಸಿಕೊಂಡಳು. ಅದಕ್ಕೇ ನನ್ನನ್ನು ನಿನಗೆ ಕೊಡಲಿಲ್ಲ. ಅದಕ್ಕೇ ಹೇಳ್ಲಿ ಬಿಡೇ ಎಂದದ್ದು. ನೀನು ಬರೀ ಮರ್ಯಾದೆಗೆ ದೊಡ್ಡಪ್ಪ ಎಂದು ಕರೆದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದುದು ನೆನಪಿದೆಯಾ?

ಉಳಿದ ಆರು ಹೆಸರನ್ನು ನಾನು ಬರೆಯುವುದಿಲ್ಲ. ಬೈಶೆಯಿಂದ ಮುಂದೆ ನಿನಗೆ ಬಾಯಿಪಾಠ, ನೀನೇ ಬರೆದಿದ್ದೀಯ. ಮರೆತಿದ್ದರೆ ಆ ಆಟ ಹಚ್ಚಿ ಲಾಯದವರೆಗೆ ಹೋಗು, ಕೈ ಎತ್ತಿದವನು ಹೇಳುತ್ತಾನೆ. ದಿನಕ್ಕೆ ಎಷ್ಟು ಊರಲ್ಲಿ ಎಷ್ಟು ಸಾವಿರ ಸಲ ನಿನ್ನ ಮುತ್ತಾತಂದಿರಿಗೆ ಗುಂಡು ಬೀಳುತ್ತದೋ, ಲೆಕ್ಕ ಇಡುವ ಕಂಪನಿ ನಿನ್ನದೇ, ಕೇಳಿಕೋ. ಮಾಡಿದ್ದುಣ್ಣೋ ಮಹರಾಯ.

ಓಲೆ ಹಾಕುವ ದಿನ ಬೀಗರ ಮುಂದೆ ಎದ್ದು ನಿಂತು ಏಳೂ ಹೇಳು. ತಲಾಸಿನ ಹುಡುಗರೂ ಆ ಆಟ ಆಡುತ್ತಾರೆ. ಆ ತುದಿಯಿಂದ ಯಾರಾದರೂ "ಢಂ" ಎಂದರೆ ನನ್ನ ಅಪ್ಪನ ಹಾಗೆ ಕೂತುಬಿಡಬೇಡ. ನಿಂತೇ ಮುಗಿಸು.

ಐದಾನಾ ನಮ್ಮ ಮನೆಯ ಹುಡುಗಿ, ಅವಳಿಗಾಗಿ ಎರಡೂ ಅಂಗೈ ಮೇಲೆ ಮಾಡಿ ಬೇಡಿಕೊಂಡಿದ್ದೇನೆ, ತುಂಬು ಬಾಳು ಬಾಳಲಿ. ನಿನಗೆ ಅದೇ ಅಂಗೈಗಳನ್ನು ಕವುಚಿ ಹಿಡಿದಿದ್ದೇನೆ. ಹಾಗೆಂದರೆ ಏನೆಂದು ನೀನು ಆ ಕಂಪನಿಯವರಿಗೆ ಬಿಡಿಸಿ ಹೇಳಬೇಕಾದೀತು, ನಾನು ನಿನಗೆ ಹೇಳಬೇಕಾಗಿಲ್ಲ.

ಇತಿ,
ನಿನ್ನ ದೊಡ್ಡಪ್ಪನ ಮಗಳು,
ನಿನ್ನ ಅಕ್ಕ
ಜಿಪಾರ್