ಸುತ್ತಿಗಿ ಕಾವಿನ ಮ್ಯಾಲಿನ ಮೂರು ಬೆರಳು

ಮಾವಾ,

ನಿನಗ ಓದಾಕ ಬರ್ತಿರಲಿಲ್ಲ ಅನ್ನೂದು ಗೊತ್ತಿದ್ದೂ ಬರ್ಯಾಕತ್ತೀನಿ. ಅಲ್ಲಿ ಯಾರರ ಓದಿ ಹೇಳೂ ಮಂದಿ ಇದ್ದೇ ಇರ್ತಾರ. ತಾವರಗೇರಿ ಸಂತ್ಯಾಗ ಕಾಗದ ಕೈಯಾಗ ಹಿಡಕೊಂಡು, ಸಾಲಿ ಕಲಿತವರು ಯಾರು ಸಿಗ್ತಾರ ಅಂತ ಹುಡುಕಿ ಕುಂಡ್ರಿಸಿ ಓದಿಸ್ತಿದ್ದೆಲ್ಲ, ಹಂಗ ಒಬ್ಬರನ್ನ ಹಿಡಿ. ಹೇಳೂ ಮಾತು ಒಂದೈತಿ. ನೀ ಇದ್ದಾಗ ಹೇಳಿದ್ರ ಮೊದಲ ನಗ್ತಿದ್ದಿ, ಆಮ್ಯಾಲ ಬೈತಿದ್ದಿ. ಈಗ ನಿನ್ನ ಬೈಗುಳ ನನಗ ಕೇಳೂದಿಲ್ಲ, ಹಿಂಗಾಗಿ ಧೈರ್ಯ ಬಂದೈತಿ.

ಆ ಚೆಂಡು ನಮ್ಮ ಖಣ್ಯಾಗ ಬಂದು ಬಿದ್ದ ದಿನ ನೆನಪೈತೇನು? ಹೊಳಿಗೆ ಡ್ಯಾಮ್ ಕಟ್ಟೂ ಕೆಲಸ ಸುರು ಆಗಿತ್ತು. ನಾವು ಊರು ಬಿಟ್ಟು ಮುನಿರಾಬಾದ್ ಕ್ಯಾಂಪಿಗೆ ಕಲ್ಲು ಒಡ್ಯಾಕ ಬಂದು ವರ್ಷ ಆಗಿತ್ತು. ಖಣಿ ಆಚಿಕಿನ ಬಯಲಾಗ ಇಂಜಿನಿಯರ್ ಸಾಹೇಬರು ಗಾಲ್ಫ್ ಆಡಾಕ ಜಾಗ ಮಾಡ್ಕೊಂಡಿದ್ರು. ಹುಲ್ಲಿನ ಮಾತು ದೂರ ಉಳೀತು, ಚೆಂಡು ಬೀಳಸೂ ಕುಣಿ ಸುತ್ತ, ಧೂಳಿ ಏಳದಂಗ ಎಣ್ಣಿ ಹಾಕಿದ ಮಳಲು ಅಷ್ಟ. ಆ ಬಯಲಾಗಿನ ಬಂಡಿಗಲ್ಲು ಒಡದು ಹಸನ ಮಾಡಿಕೊಟ್ಟಾವ್ರೂ ನಾವ. ಆ ದಿನ ದೊಡ್ಡ ಸಾಹೇಬ್ರು ತಾವ ಚೆಂಡು ಹುಡುಕ್ಕೋಂತ ಬಂದ್ರು. ನೀ ಸುತ್ತಿಗಿ ಕೆಳಗಿಟ್ಟು, ಬೆವರು ಒರಸ್ಕೊಂಡು, ನನಗಂದಿ, "ಈ ಸಾಹೇಬ ಕೈಲೆ ಹೊಡೀತಾನ, ಕಾಲಿಲೆ ಹೊಡೀಬೇಕು ಅಂತ ಹೇಳ್ಲೇ ಅವಗ." ನನ್ನ ಜೀವ ಹಾರಿ ಹೋತು. ಅದನ್ನ ಉರ್ದುದಾಗ ಹೇಳೂದು ಹೆಂಗ, ಹೇಳಿದ ಮ್ಯಾಲ ಉಳಿಯೂದು ಹೆಂಗ?

ಹೇಳಿದೆ. ಕುಷ್ಟಗಿ ಸಾಲ್ಯಾಗ ಕಲಿತ ಉರ್ದು ಅದೊಂದಕ್ಕರ ಬಂತು. ಸಾಹೇಬ್ರು ಸಿಟ್ಟಾಗಲಿಲ್ಲ. ಹಾಂಗಂದ್ರ ಏನು ತೋರಿಸು ಅಂತ ಕೋಲು ನಿನ್ನ ಮುಂದ ಹಿಡಿದ್ರು. ನೀ ಮುಟ್ಟಲಿಲ್ಲ. ಕಲ್ಲು ಒಡಿಯೂ ಕೈ ಇದು, ಆಟಕ್ಕ ಅಲ್ಲ ಅಂದಿ. ಆದ್ರ ಬರೇ ಮೈಲೆ ತೋರಿಸಿದಿ: ಮೊದಲ ಸೊಂಟ ಹೋಗತೈತಿ, ಹಿಂದ ಕೈ, ಕಟ್ಟಕಡೀಗೆ ಸುತ್ತಿಗಿ; ಏಟು ಬೀಳೂ ಹೊತ್ತಿಗೆ ಎಡಗಾಲು ನೆಟ್ಟ ಕಂಬ ಆಗಿರಬೇಕು. ಸಾಹೇಬ್ರು ಬಾಯಿ ತಕ್ಕೊಂಡು ನೋಡಿದ್ರು. ಕೋಲು ನನ್ನ ಕೈಯಾಗ ಕೊಟ್ರು. ನಾ ಹೊಡೆದ ಚೆಂಡು ಬಲಕ್ಕ ತಿರುಗಿ ಮತ್ತ ಖಣ್ಯಾಗ ಬಿತ್ತು, ಬುಟ್ಟಿ ಹೊತ್ತ ಹೆಣಮಕ್ಕಳು ಬೈಕೋಂತ ಓಡಿದ್ರು. ನೀ ನಕ್ಕದ್ದು ನೋಡಿ ನನಗ ಸಿಟ್ಟು ಬಂದಿತ್ತು. ಸಾಹೇಬ್ರು ಮಾತ್ರ ಆಯಿತವಾರಕ್ಕೊಮ್ಮೆ ಬಂದು ಮಳಲು ಬಳದು ಹಸನ ಮಾಡು, ನಾಕು ಚೆಂಡು ಹೊಡಿ ಅಂದ್ರು. ಹಿಂಗ ಸುರು ಆತು ನೋಡು ನನ್ನ ಹುಚ್ಚು.

ನಾ ಮೊದಲ ಸಲ ಸುತ್ತಿಗಿ ಎತ್ತಿದ ದಿನಾನೂ ಹಿಂಗ ನಕ್ಕಿದ್ದಿ. ಅಪ್ಪ ತೀರ್ಕೊಂಡ ಮ್ಯಾಲ ಅವ್ವ ನನ್ನನ್ನ ತನ್ನ ಅಣ್ಣನ ಹತ್ರ, ಅಂದ್ರ ನಿನ್ನ ಹತ್ರ, ಬಿಟ್ಟಿದ್ಲು. ಹುಣಸಿ ಬರಲು, ಎಳೀ ಛಡಿ, ಕೈಯಾಗ ಹಿಡಕೊಂಡು ಬಾಜೂಕ ನಿಂತಿದ್ದಿ. ನಾ ಸುತ್ತಿಗಿ ಬಿಗಿಯಾಗಿ ಹಿಡದಾಗೆಲ್ಲ ಬಲಗೈ ಹಿಂಬದಿಗೆ ಚುರ್ ಅನ್ನೂಹಂಗ ಒಂದು ಬೀಳ್ತಿತ್ತು. "ಏಟು ಬೀಳೂ ಹೊತ್ತಿಗೆ ಕೈ ಸಡಲ ಬಿಡಲೇ. ಕಲ್ಲಿನ ಸಿಟ್ಟು ಮೈಗೆ ಏರಬಾರದು." ಈ ಮಾತು ಎಷ್ಟು ಸಲ ಕೇಳೀನೋ. ಮುಂದ ನಿನ್ನ ಮಗಳು ನಿಂಗವ್ವನ್ನ ನನಗ ಕೊಟ್ಟು ಲಗ್ನ ಮಾಡಿದಿ, ಅವತ್ತೂ ಅಕ್ಷತಿ ಹಾಕಿ ಇದನ್ನ ಅಂದಿ ಅಂತ ನಿಂಗವ್ವ ಇವತ್ತಿಗೂ ಆಡಸ್ತಾಳ. ನಾ ಎರಡೂ ಕೈ ಸಡಲ ಬಿಡೂದು ಕಲಿತೆ. ನೀ ಒಂದೇಟಿಗೆ ಸೀಳೂ ಅಂಥಾ ಬಂಡಿ ನನಗ ಮೂರು ಏಟು ತಗೋತಿತ್ತು. ವಯಸ್ಸು ಆದಂಗ ಬರತೈತಿ ಬಿಡು ಅಂತ ತಿಳಕೊಂಡಿದ್ದೆ.

ನಿನ್ನ ಕೆಮ್ಮು ಮೊದಮೊದಲು ನಮಗ ಗಡಿಯಾರ ಇದ್ದಂಗ ಇತ್ತು. ಮಾವ ಕೆಮ್ಮಿದಾ, ಏಳ್ರಿ, ಬೆಳಗಾತು ಅಂತಿದ್ವಿ. ಆಮ್ಯಾಲ ಅದು ಮಧ್ಯಾಹ್ನಕ್ಕೂ ಬಂತು, ಉಣ್ಣಾಕ ಕುಂತಾಗೂ ಬಂತು. ಕೊಪ್ಪಳದ ಡಾಕ್ಟರು ಎದಿಗೆ ಕಿವಿಗೊಟ್ಟು ಕೇಳಿ, ಒಳಗ ಕಲ್ಲಿನ ಧೂಳಿ ಕುಂತೈತಿ, ಖಣಿ ಬಿಡಸ್ರಿ ಅಂದ್ರು. ನೀ ಬಿಡಲಿಲ್ಲ. ಬಿಟ್ಟು ಮಾಡೂದೇನಿತ್ತು ಅನ್ನು. ಎಳ್ಳಮಾಸಿ ಮುಂದ ನೀ ಹೋದಿ. ಹೋಗೂಕಿಂತ ಮೊದಲ ಸುತ್ತಿಗಿ ನನ್ನ ಕಡೆ ಸರಿಸಿ ಏನೋ ಹೇಳಾಕ ಹೋದಿ, ಕೆಮ್ಮು ಬಂದು ಮಾತು ಅಲ್ಲೇ... ಏನಿತ್ತು ಮಾವಾ ಅದು? ಭಾಳ ದಿನ ಅದ ನನ್ನ ತಲ್ಯಾಗ ಉಳೀತು.

ವರ್ಷ ತುಂಬೂದರಾಗ ಒಂದು ಮುಂಜಾನಿ ನಾ ಕೆಮ್ಮಿದೆ. ಸಣ್ಣ ಕೆಮ್ಮು. ಆದ್ರ ನಿಂಗವ್ವ ರೊಟ್ಟಿ ಬಡಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ್ಲು. ಅವತ್ತಿನಿಂದ ನಾ ಮಲಗಿದ ಮ್ಯಾಲ ಕಿವಿಗೊಟ್ಟು ಎಚ್ಚರ ಇರ್ತಿದ್ಲು, ನನಗ ಗೊತ್ತಿರಲಿಲ್ಲ ಅಂತ ತಿಳದಿದ್ಲು. ನನಗೂ ಅಂಜಿಕಿ ಆಗಿತ್ತು. ಗಂಡಸು, ಹೆಂಗ ಹೇಳೂದು?

ಅದ ದಿನದಾಗ ದೊಡ್ಡ ಸಾಹೇಬ್ರು ಕರೆಸಿದ್ರು. ಹೊಸಾ ಆಫೀಸರು ಭಾಳ ಮಂದಿ ಬಂದಾರ, ಆಟ ಕಲಿಸಾಕ ಒಬ್ಬ ಮನಿಷ್ಯಾ ಬೇಕು, ದಿನಾ ಬಯಲಾಗ ಇರೂ ಕೆಲಸ, ಖಣಿ ಬಿಡಬೇಕಾಗತೈತಿ ಅಂದ್ರು. ಆದ್ರ ಉಳಿದ ಸಾಹೇಬರು ಒಪ್ಪಬೇಕಲ್ಲ, ಕಲ್ಲು ಒಡ್ಯಾವ ನಮಗೇನು ಕಲಿಸ್ತಾನ ಅಂತಾರಂತ. ಹಿಂಗಾಗಿ ಒಂದು ಪಂಥ. ತಿಂಗಳ ಮ್ಯಾಲ ಆಯಿತವಾರ ಎಲ್ಲಾರ ಮುಂದ ಹತ್ತು ಚೆಂಡು ಹೊಡೀಬೇಕು, ಹಳ್ಳ ದಾಟಿ ಆಚಿಕಿನ ಮಳಲಿನ ಮ್ಯಾಲ ಆರು ನಿಲ್ಲಬೇಕು. ನಾ ಹೂಂ ಅಂದೆ. ಮನಿಗೆ ಬಂದು ಹೇಳಿದ್ರ ನಿಂಗವ್ವ ಸೆರಗಿಲೆ ಕಣ್ಣು ಒರಸ್ಕೊಂಡು, ಆರು ಯಾಕ, ಹತ್ತೂ ನಿಲ್ಲಸು ಅಂದ್ಲು. ಆಕಿಗೇನು ಗೊತ್ತು ಆ ಚೆಂಡಿನ ಗುಣ!

ಮೊದಲ ವಾರ ಹೊಡದದ್ದೆಲ್ಲ ಬಲಕ್ಕ ಹೋತು. ನೀ ತೋರಿಸಿದಂಗ ಸೊಂಟ ಹೋಗತಿತ್ತು, ಎಡಗಾಲು ನಿಲ್ಲತಿತ್ತು, ಎಲ್ಲಾ ಛಲೋ. ಏಟಿನ ಹೊತ್ತಿಗೆ ಮಾತ್ರ ಕೋಲು ಕೈಯಾಗ ಹೊಳ್ಳತಿತ್ತು. ಕೋಲ ಸರಿ ಇಲ್ಲ ಅಂತ ಮನ್ಯಾಗ ಅಂದ್ರ, ಕುಣ್ಯಾಕ ಬರದಾಕಿ ನೆಲ ಡೊಂಕು ಅಂದ್ಲಂತ ಅಂತ ನಿಂಗವ್ವ ಚುಚ್ಚಿದ್ಲು. ಸಾಹೇಬ್ರು ನಾಕು ದಿನ ನೋಡಿ ಹೇಳಿದ್ರು, ಚೆಂಡಿಗೆ ಮುಟ್ಟೂ ಗಳಿಗ್ಯಾಗ ನಿನ್ನ ಕೈ ಸತ್ತು ಹೋಗತೈತಿ, ಹಂಗ ಯಾರು ಕಲಿಸಿದ್ರು ಅಂತ. ನನಗ ಮೈ ಉರೀತು ಮಾವಾ. ನಮ್ಮ ಮಾವ ಕಲಿಸ್ಯಾನ್ರಿ ಅಂತ ಹೇಳಿ ಕೋಲು ಅಲ್ಲೇ ಒಗದು ಬಂದೆ. ದಾರಿ ತುಂಬ ನಿನ್ನ ಮ್ಯಾಲೂ ಸಿಟ್ಟು. ಇಪ್ಪತ್ತು ವರ್ಷ ತಪ್ಪು ಕಲಿಸಿದ್ದೇನು ನೀ? ಇಲ್ಲ, ನಿನ್ನ ಮಾತು ಬಿಟ್ರ ನಾ ಉಳೀತೀನಿ, ಹಿಡಕೊಂಡ್ರ ಖಣ್ಯಾಗ ಸಾಯ್ತೀನಿ, ಹಂಗೇನು?

ಮರುದಿನ ಹೋಗಿ ತಪ್ಪಾತ್ರಿ ಅಂದೆ. ನಿನ್ನ ಮಾತು ಬಿಟ್ಟೇ ಬಿಟ್ಟೆ. ಎರಡೂ ಕೈ ಗಟ್ಟಿಯಾಗಿ ಬಿಗಿ ಹಿಡದು ಹೊಡದೆ. ಚೆಂಡು ನೆಲ ಹಿಡದು ಹೋತು, ಮುಂಗೈ ಬಾತು ಬಂತು. ಸಾಹೇಬ್ರು ಒಂದು ಚೀಲ ಮಳಲು ತುಂಬಿ ಕೊಟ್ರು. ಅದಕ್ಕ ಹೊಡದು ಅಲ್ಲೇ ನಿಂದ್ರು, ಆ ಹೊತ್ತಿಗೆ ನಿನ್ನ ಮೈ ಹೆಂಗೈತಿ ಅಂತ ನೋಡ್ಕೋ ಅಂದ್ರು. ಕೈ ಚೆಂಡಿಗಿಂತ ಒಂದು ಗೇಣು ಮುಂದ ಇರಬೇಕು, ತಲಿ ಹಿಂದ ಉಳೀಬೇಕು. ನಾ ಹೆಂಗ ನನ್ನ ನಾ ನೋಡ್ಕೊಳ್ಳಿ? ಚೀಲ ಮನಿ ಮುಂದ ತಂದಿಟ್ಟೆ. ನಿಂಗವ್ವ ಹಿಟ್ಟಿನ ಕೈಲೆ ಬಾಗಲದಾಗ ನಿಂತು, ಕೈ ಹಿಂದ ಅದಾವ, ತಲಿ ಓಡಿ ಹೋತು, ಮತ್ತ ಹೊಡಿ ಅಂತ ಹೇಳತಿದ್ಲು. ನಿನ್ನ ಮಗಳಲ್ಲಾ, ಹುಣಸಿ ಬರಲೊಂದು ಕೈಯಾಗ ಇರಲಿಲ್ಲ ಅಷ್ಟ.

ಒಂದು ಸಂಜಿ ನಾ ಸೋತು ಕಟ್ಟಿ ಮ್ಯಾಲ ಕುಂತೆ. ಬಿಡು, ಆಗೂದಿಲ್ಲ, ಖಣಿಗೇ ಹೋಗ್ತೀನಿ ಅಂದೆ. ನಿಂಗವ್ವ ಒಳಗ ಹೋದಾಕಿ ನಿನ್ನ ಸುತ್ತಿಗಿ ತಂದು ನನ್ನ ತೊಡಿ ಮ್ಯಾಲ ಇಟ್ಲು. ನೀ ಹೋದ ಮ್ಯಾಲ ಅದನ್ನ ನಾ ಮುಟ್ಟಿರಲಿಲ್ಲ, ಅಮಾಸಿಗೊಮ್ಮೆ ಆಕಿನ ಅದರ ಕಟಗಿ ಹಿಡಿಕಿಗೆ, ಕಾವಿಗೆ, ಎಣ್ಣಿ ಹಚ್ಚಿ ಇಡತಿದ್ಲು. ಹನ್ನೆರಡು ವರ್ಷ ಒಂದ ಕಾವು ಬಳಸೀನಿ, ಮುರಿದಿಲ್ಲ ಅಂತ ನೀ ಜಂಬ ಕೊಚ್ಚತಿದ್ದ ಕಾವು.

"ಎಣ್ಣಿ ಹಚ್ಚೂ ಮುಂದ ಪ್ರತಿ ಸಲಾನೂ ನೋಡ್ತೀನಿ," ಅಂದ್ಲು. "ಅಪ್ಪನ ಬೆರಳು ಇಲ್ಲಿ ಅದಾವ. ಒಂದ ಕೈದು."

ನೋಡಿದೆ ಮಾವಾ. ಕಾವಿನ ಬುಡದಾಗ, ಎಡಗೈ ಹಿಡಿಯೂ ತಾವಿನ್ಯಾಗ, ಮೂರು ತಗ್ಗು. ಕಿರುಬೆರಳು, ಅದರ ಬಾಜೂದು, ನಡುವಿಂದು. ಕಟಗಿ ತಿಂದು ಒಳಗ ಇಳದಿದ್ವು. ಬಲಗೈ ಇರೂ ಕಡೆ ತಗ್ಗ ಇಲ್ಲ, ಉದ್ದಕ್ಕೂ ಬರೇ ನುಣಪು. ಬಲಗೈ ಸಡಲ, ಎಡಗೈದು ಮೂರು ಬೆರಳು ಕಡೀತನಕ ಗಟ್ಟಿ. ಆಗ ನೆನಪಾತು, ನಿನ್ನ ಬರಲು ಬೀಳತಿದ್ದದ್ದು ಯಾವತ್ತೂ ಬಲಗೈಗೇ. ಎಡಗೈಗೆ ಒಂದ ಸಲಾನೂ ಬಿದ್ದಿರಲಿಲ್ಲ. ನೀ ತಪ್ಪು ಕಲಿಸಿರಲಿಲ್ಲ, ನಾ ಅರ್ಧ ಕಲಿತಿದ್ದೆ. ಎಡಗೈ ಸಂಗತಿ ನೀ ಹೇಳೇ ಇರಲಿಲ್ಲ, ನಿನಗ ಅದು ಹೇಳೂ ಮಾತು ಅಂತ ಅನಿಸಿರಲೇ ಇಲ್ಲೇನೋ. ಕಟ್ಟಕಡೀಗೆ ಹೇಳಾಕ ಹೋಗಿದ್ದು ಅದನ್ನೇನು? ನಾ ಅಲ್ಲೇ ಕಾವು ಹಿಡಕೊಂಡು ಅತ್ತೆ. ನಿಂಗವ್ವ ಅಳಲಿಲ್ಲ. ಚೀಲದ ಕಡೆ ಕೈ ಮಾಡಿ, ಏಳು, ಬೆಳಕೈತಿ ಇನ್ನ ಅಂದ್ಲು.

ಎದ್ದು ಹೊಡದೆ. ಮೂರು ಬೆರಳು ಗಟ್ಟಿ, ಬಲಗೈ ಜೊತಿಗೆ ಬಂದ್ರ ಬಂತು. ಚೀಲ ಧಪ್ ಅಂತು. ನಿಂಗವ್ವ ಬಾಗಲದಿಂದ, ಕೈ ಮುಂದ ಅದಾವ, ತಲಿ ಹಿಂದೈತಿ ಅಂದ್ಲು. ಮರುದಿನ ಬಯಲಾಗ ಚೆಂಡು ಹಳ್ಳದ ಮ್ಯಾಲ ನೆಟ್ಟಗ ಹೋತು. ಸಾಹೇಬ್ರು ನನ್ನ ನೋಡಿ, ಕೈ ಬದುಕಿತು ಅಂದ್ರು. ಕಲಿಯೂತನ ಬ್ರಹ್ಮವಿದ್ಯಾ, ಕಲಿತ ಮ್ಯಾಲ ಮಂಗ್ಯಾನ ವಿದ್ಯಾ ಅಂತಾರಲ್ಲ, ಹಂಗಾತು.

ಪಂಥದ ದಿನದ ಸುದ್ದಿ ಕೇಳು. ಸಾಹೇಬರೆಲ್ಲ ಕುರ್ಚಿ ಹಾಕ್ಕೊಂಡು ಕುಂತಿದ್ರು. ನಿಂಗವ್ವ ದೂರ ಜಾಲಿ ಗಿಡದ ಕೆಳಗ. ಮೊದಲಿನ ಎರಡೂ ಹಳ್ಳದಾಗ ಬಿದ್ದು ಹೋದ್ವು. ಮೂರನೇದು ನಿಂತಿತು. ನಾಕನೇದು, ಐದನೇದು ನಿಂತ್ವು. ಆರನೇದಕ್ಕ ಕೋಲು ಎತ್ತೂದರಾಗ ಕೆಮ್ಮು ಬಂತು. ಇಳಿಸಿದೆ. ಜಾಲಿ ಗಿಡದ ಕಡೆ ನೋಡಲಿಲ್ಲ, ನೋಡಿದ್ರ ಮುಗೀತಿತ್ತು. ಕೆಮ್ಮು ಮುಗಿಯೂತನಕ ನಿಂತು, ಕಿರುಬೆರಳಿನಿಂದ ಒಂದೊಂದ ಬಿಗಿ ಮಾಡ್ಕೊಂಡು ಹೊಡದೆ. ನಿಂತಿತು. ಏಳನೇದು ದಾಟಿ ಮುಂದ ಉರುಳಿ ಹೋತು. ಎಂಟು, ಒಂಬತ್ತು ನಿಂತ್ವು. ಆರು ಆತು. ಹತ್ತನೇದು ಉಳದಿತ್ತಲ್ಲ, ತಿರುಗಿ ನಿಂತು ಖಣಿ ಕಡೆ ಹೊಡದೆ. ಆಯಿತವಾರ, ಅಲ್ಲಿ ಯಾರೂ ಇರಲಿಲ್ಲ. ನೀ ಕುಂಡ್ರತಿದ್ದ ಬಂಡಿ ಹತ್ರ ಬಿದ್ದಿರಬೇಕು. ಸಾಹೇಬ್ರು ಯಾಕ ಅಂತ ಕೇಳಿದ್ರು. ಅದು ಅಲ್ಲೀದು ರೀ ಅಂದೆ.

ಖಣಿ ಬಿಟ್ಟು ಈಗ ಏಳು ತಿಂಗಳಾತು. ಕೆಮ್ಮು ಕಡಿಮಿ ಆಗೇತಿ, ಮುಂಜಾನಿ ಒಮ್ಮೊಮ್ಮೆ ಬರತೈತಿ, ಹೋಗತೈತಿ. ಎದ್ಯಾಗ ಹೊಸಾ ಧೂಳಿ ಕುಂತಿಲ್ಲ ಅಂತ ಡಾಕ್ಟರು ನಗ್ತಾರ. ನಿಂಗವ್ವ ಈಗ ನನಗಿಂತ ಮೊದಲ ಮಲಗ್ತಾಳ, ಗೊರಕಿನೂ ಹೊಡೀತಾಳ, ಹೇಳಿದ್ರ ಒಪ್ಪೂದಿಲ್ಲ. ಖಣ್ಯಾಗ ಉಳದ ನಮ್ಮ ಮಂದಿಗೆ ಮಾರಿಗೆ ಒದ್ದಿ ಅರಿವಿ ಕಟ್ಟಿಕೊಂಡು ಒಡೀರಿ ಅಂತ ವಾರಕ್ಕೊಮ್ಮೆ ಹೋಗಿ ಹೇಳಿ ಬರ್ತೀನಿ. ಕೇಳೂವ್ರು ಕೇಳ್ತಾರ. ಬಿಡೂದಿಲ್ಲ, ಹೇಳ್ಕೋಂತ ಇರ್ತೀನಿ, ಇದು ನಿನಗ ಕೊಟ್ಟ ಮಾತು.

ಇನ್ನೊಂದು. ಸುತ್ತಿಗಿ ತಲಿ ಬಿಚ್ಚಿ ಮನ್ಯಾಗ ಇಟ್ಟೀನಿ, ಕಾವು ಮಾತ್ರ ಬಯಲಿಗೆ ಒಯ್ತೀನಿ. ಯಾವ ಆಫೀಸರ್ ಕಲ್ಯಾಕ ಬರ್ಲಿ, ಮೊದಲ ದಿನ ಕೋಲು ಕೊಡೂದಿಲ್ಲ. ನಿನ್ನ ಕಾವು ಕೊಟ್ಟು, ಆ ಮೂರು ತಗ್ಗಿನ್ಯಾಗ ಬೆರಳು ಇಟ್ಟು ಹಿಡೀರಿ ಅಂತೀನಿ. ಮೆತ್ತನ ಕೈ ಅವರದ್ದು, ಆದ್ರ ಕುಂಡ್ರತಾವ. ನಿನ್ನಿ ಹೈದರಾಬಾದಿನಿಂದ ಬಂದ ಹೊಸಾ ಸಾಹೇಬ್ರು ಭಾಳ ಹೊತ್ತು ಹಿಡಕೊಂಡು ನಿಂತು, ಇದು ಯಾರ ಕೈ ಅಂತ ಕೇಳಿದ್ರು. ನಮ್ಮ ಮಾವಂದು ರೀ, ಈ ಡ್ಯಾಮಿನ ಕಲ್ಲು ಒಡದಾವ ಅಂತ ಹೇಳಿ, ನಿನ್ನ ಹೆಸರು ಹೇಳಿದೆ. ಅವರು ಅದನ್ನ ತಿರುಗಿ ಒಮ್ಮೆ ಅಂದ್ರು, ಸರಿಯಾಗಿ ಬರಲಿಲ್ಲ, ಮತ್ತ ಅಂದ್ರು, ಬಂತು.

ನಿನ್ನ ಅಳಿಯ,
ಹನುಮಂತ