ಚೋಕ್ ಹಾಕುವವನು

ಜನವರಿ ೧೬, ಶುಕ್ರವಾರ. ರಾಸ್ ತನೂರಾ, ಸೌದಿ.

ಬೆರಳು ಬಾತು ಪೆನ್ನು ಹಿಡಿಯಲಿಕ್ಕೂ ಕಷ್ಟ. ಮಾಡೆಲ್ ವಿಮಾನದ ಇಂಜಿನ್ ಇವತ್ತು ಎರಡು ಗಂಟೆ ಸತಾಯಿಸಿತು. ಮರಳ ಬಯಲಲ್ಲಿ ಒಬ್ಬನೇ ಪ್ರೊಪೆಲ್ಲರ್ ತಿರುಗಿಸಿ ತಿರುಗಿಸಿ ಸಾಕಾಯಿತು. ಪೆಟ್ರೋಲ್ ಪೈಪನ್ನು ಬಾಯಲ್ಲಿ ಊದಿ ನೋಡಿದೆ. ಪ್ಲಗ್ ಬಿಚ್ಚಿದರೆ ಒಣಗಿಕೊಂಡಿದೆ. ಆಗ ಹೊಳೆಯಿತು, ಗಾಳಿ ತಡೆದು ಇಂಜಿನ್‌ಗೆ ಪೆಟ್ರೋಲ್ ಎಳೆಸುವ ಚೋಕ್ ಹಾಕಿಯೇ ಇಲ್ಲ! ನನ್ನ ತಲೆಗೆ ಎಂತ ಆಗಿತ್ತೋ.

ಆರು ವರ್ಷ ಅದು ನನ್ನ ಗೆಳೆಯ ಶಹೀರನ ಕೆಲಸ. ಹಿಂದೆ ಕೂತು, ವಿಮಾನದ ಬಾಲ ಒತ್ತಿ ಹಿಡಿದು, ರಿಮೋಟಿನಲ್ಲಿ ಅವನೇ ಚೋಕ್ ಹಾಕುತ್ತಿದ್ದ. ಕಳೆದ ತಿಂಗಳು ಇಲ್ಲಿಯ ಕೆಲಸ ಬಿಟ್ಟು ಊರಿಗೆ, ಉಳ್ಳಾಲಕ್ಕೆ ಹೋದ, ಇನ್ನು ಬರುವುದಿಲ್ಲ.

ಚೋಕ್ ಹಾಕಿದೆ. ಇಂಜಿನ್ ಒಮ್ಮೆ ಕೆಮ್ಮಿತು. ಚೋಕ್ ತೆಗೆದು ತಿರುಗಿಸಿದ್ದೇ ಸ್ಟಾರ್ಟ್! "ಶಹೀರಾ, ಬಿಡು ಮಾರಾಯ!" ಎಂದು ಕೂಗಿಬಿಟ್ಟೆ.

ಬಾಲ ಹಿಡಿದಿದ್ದದ್ದು ನನ್ನ ಕಾರಿಗೆ ಕಟ್ಟಿದ ಹಗ್ಗ. ಬಿಚ್ಚಲು ಮನಸ್ಸಾಗಲಿಲ್ಲ. ಪೆಟ್ರೋಲ್ ಮುಗಿಯುವವರೆಗೂ ಇಂಜಿನ್ ಅಲ್ಲೇ ಓಡಿತು.